ಪ್ರಾಗ್ ಆಯ್ತಾ?

ಜರ್ಮನಿಗೆ ಎಂ.ಎಸ್. ಮಾಡಲು ಬರುವ ನಮ್ಮ ಮಕ್ಕಳಿಗೆ ಒಂದು ಕಡ್ಡಾಯ ವಿಷಯವಿದೆ. ವಿಶ್ವವಿದ್ಯಾಲಯದ ಕೈಪಿಡಿಯಲ್ಲಿ ಅದರ ಹೆಸರಿಲ್ಲ, ಅದಕ್ಕೆ ಕ್ರೆಡಿಟ್ಟೂ ಇಲ್ಲ. ಆದರೆ ಮೊದಲ ಸೆಮಿಸ್ಟರ್ ಮುಗಿಯುವುದರೊಳಗೆ ಅದರಲ್ಲಿ ಪಾಸಾಗದವರು ಹಾಸ್ಟೆಲಿನ ಅಡುಗೆಮನೆಯಲ್ಲಿ ತಲೆ ಎತ್ತಿ ಚಪಾತಿ ಲಟ್ಟಿಸುವಂತಿಲ್ಲ. ಪೂರ್ವ ಜರ್ಮನಿಯಲ್ಲಿರುವವರಿಗೆ ಆ ವಿಷಯ ಪ್ರಾಗ್, ಪಶ್ಚಿಮದವರಿಗೆ ಆಮ್‌ಸ್ಟರ್‌ಡ್ಯಾಮ್, ಮ್ಯೂನಿಕ್ ಕಡೆಯವರಿಗೆ ಸಾಲ್ಜ್‌ಬರ್ಗ್. ಸಿಲಬಸ್ಸು ಬೇರೆ ಬೇರೆ, ಪರೀಕ್ಷೆ ಒಂದೇ. ಶನಿವಾರ ಹೋಗಬೇಕು, ಭಾನುವಾರ ಬರಬೇಕು, ಸೋಮವಾರ ರೀಲ್ಸ್ ಹಾಕಬೇಕು.

ನಾವಿರುವುದು ಪೂರ್ವದ ಕೆಮ್ನಿಟ್ಸ್‌ನಲ್ಲಿ. ಈ ಊರು 2025ರಲ್ಲಿ ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾಗಿತ್ತು. ವರ್ಷವಿಡೀ ಪ್ರದರ್ಶನ, ನಾಟಕ, ಸಂಗೀತ. ಹೊರಗಿನ ಜನ ಟಿಕೆಟ್ ಕೊಂಡು ಬಂದು ನೋಡಿದರು. ನಮ್ಮ ಹುಡುಗರಿಗೆ ಈ ಸಂಗತಿ ಟ್ರ್ಯಾಮಿನ ಮೇಲೆ ಅಂಟಿಸಿದ ಪೋಸ್ಟರಿನಿಂದ ತಿಳಿಯಿತು. ತಿಳಿದ ಕೂಡಲೇ ಅವರು ಪ್ರಾಗ್‌ಗೆ ಬಸ್ ಬುಕ್ ಮಾಡಿದರು. ಬಾಡಿಗೆ ಕಟ್ಟುವ ಊರನ್ನು ಯಾರಾದರೂ ನೋಡುತ್ತಾರೆಯೇ?

ದುಡ್ಡಿನ ವಿಷಯಕ್ಕೆ ಬರೋಣ, ಏಕೆಂದರೆ ಈ ಪ್ರವಾಸದಲ್ಲಿ ಬೇರೆ ವಿಷಯ ಹೆಚ್ಚೇನೂ ಇಲ್ಲ. ಜರ್ಮನಿಯ ವಿದ್ಯಾರ್ಥಿ ವೀಸಾ ಬೇಕೆಂದರೆ ಬ್ಲಾಕ್ಡ್ ಅಕೌಂಟ್ ಎಂಬ ಹುಂಡಿಯಲ್ಲಿ ವರ್ಷಕ್ಕೆ 11,904 ಯೂರೊ ಮೊದಲೇ ತುಂಬಿ ಇಡಬೇಕು. ಇಲ್ಲಿಗೆ ಬಂದ ಮೇಲೆ ತಿಂಗಳಿಗೆ 992ರಂತೆ ಅದು ಕೈಗೆ ಬರುತ್ತದೆ. ನಿಮ್ಮದೇ ಅಕ್ಕಿಯನ್ನು ನಿಮಗೇ ಪಡಿ ಅಳೆದು ಕೊಡುವ ವ್ಯವಸ್ಥೆ. ಆ ಅಕ್ಕಿಯ ಹಿಂದೆ ಹಾಸನದಲ್ಲೋ ಹಾವೇರಿಯಲ್ಲೋ ಬ್ಯಾಂಕಿಗೆ ಒತ್ತೆ ಬಿದ್ದಿರುವ ಮೂವತ್ತು-ನಲವತ್ತರ ಸೈಟೊಂದು ಇರುತ್ತದೆ. ಬಾಡಿಗೆ, ಆರೋಗ್ಯ ವಿಮೆ, ದಿನಸಿ ಎಲ್ಲ ಕಳೆದು ಉಳಿದದ್ದರಲ್ಲಿ ಯುರೋಪ್ ನೋಡಬೇಕು. ಹಾಗಾಗಿ ನಮ್ಮವರು ನೋಡುವ ಯುರೋಪು ಪುಕ್ಕಟೆ ಕಾಣುವಷ್ಟು ಮಾತ್ರ. ಗೋಪುರದ ಹೊರಮೈ, ಕೋಟೆಯ ಅಂಗಳ, ಮ್ಯೂಸಿಯಮ್ಮಿನ ಬಾಗಿಲು.

ಹೊರಡುವ ಮೊದಲು ವಾಟ್ಸ್‌ಆ್ಯಪ್ ಗ್ರೂಪು ಹುಟ್ಟುತ್ತದೆ. ಅದರಲ್ಲಿ ಪೋಲ್ ನಡೆಯುತ್ತದೆ. ಊರಿನ ಕನ್ನಡದವರೆಲ್ಲ 'ಪಕ್ಕಾ' ಎಂದು ಒತ್ತುತ್ತಾರೆ. ಟಿಕೆಟ್ಟಿನ ದುಡ್ಡು ಕೇಳಿದ ದಿನ ಒಬ್ಬನಿಗೆ ಅಸೈನ್‌ಮೆಂಟು, ಇನ್ನೊಬ್ಬನಿಗೆ ಜ್ವರ, ಮತ್ತೊಬ್ಬನಿಗೆ ಏಕಾದಶಿ. ಕೊನೆಗೆ ಉಳಿದವರು ಐವರು. ಹುಬ್ಬಳ್ಳಿಯ ಹುಡುಗ, ಮಂಡ್ಯದವನು, ದಾವಣಗೆರೆಯ ಕ್ಯಾಮೆರಾಮನ್, ಜಯನಗರದ ಹುಡುಗಿ, ಮಂಗಳೂರಿನವಳು. ಇವರೆಲ್ಲರಿಗಿಂತ ವಯಸ್ಸಿನಲ್ಲಿ ದೊಡ್ಡವನಾದ, ಪಿಎಚ್‌ಡಿಯಲ್ಲಿ ಕೂದಲು ಉದುರಿಸಿಕೊಂಡ ನನ್ನನ್ನು ಕರೆದದ್ದು ಪ್ರೀತಿಗಲ್ಲ. ಆರು ಜನರ ಡಾರ್ಮಿಟರಿ ರೂಮಿನ ಬಾಡಿಗೆಯನ್ನು ಐದರಿಂದ ಭಾಗಿಸಿದರೆ ಶೇಷ ಉಳಿಯುತ್ತಿತ್ತು.

ಹುಬ್ಬಳ್ಳಿಯವನು ಎಕ್ಸೆಲ್ ಶೀಟು ತಯಾರಿಸಿದ. ಅದನ್ನು ನೋಡಿದಾಗ ನನಗೆ ನಮ್ಮ ಪಿಯುಸಿ ಟ್ಯುಟೋರಿಯಲ್ಲುಗಳ ಮೇಲೆ ಗೌರವ ಉಕ್ಕಿತು. ಮನುಷ್ಯನನ್ನು ಏಳು ಸಾವಿರ ಕಿಲೋಮೀಟರ್ ದೂರ ಸಾಗಿಸಿದರೂ ಆ ತರಬೇತಿ ಅಳಿಯುವುದಿಲ್ಲ. ಚಾರ್ಲ್ಸ್ ಸೇತುವೆ ಗ್ಯಾರಂಟಿ ಪ್ರಶ್ನೆ, ಹತ್ತು ಅಂಕ, ಇಪ್ಪತ್ತೈದು ನಿಮಿಷ. ಖಗೋಳ ಗಡಿಯಾರ ರಿಪೀಟೆಡ್ ಕ್ವೆಶ್ಚನ್, ಬಿಡುವ ಹಾಗಿಲ್ಲ. ಪ್ರಾಗ್ ಕೋಟೆ: ಅಂಗಳಕ್ಕೆ ದುಡ್ಡಿಲ್ಲ, ಒಳಗೆ ಟಿಕೆಟ್ಟಿದೆ, ಆದ್ದರಿಂದ ಅಂಗಳ ಮಾತ್ರ ಪೋರ್ಷನ್ನಿನಲ್ಲಿದೆ. ಹಳೆಯ ಯಹೂದಿ ಸ್ಮಶಾನ ಮತ್ತು ಸಿನಗಾಗ್‌ಗಳ ಮುಂದೆ 'ಚಾಯ್ಸ್‌ನಲ್ಲಿ ಬಿಡಬಹುದು' ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಸಾವಿರ ವರ್ಷದ ಊರನ್ನು ಮೂವತ್ತು ಗಂಟೆಗೆ ಇಳಿಸಿದ್ದ. ಅದರಲ್ಲಿ ಆರು ಗಂಟೆ ನಿದ್ದೆ, ಅದಕ್ಕೂ ಸೆಲ್ಲಿನಲ್ಲಿ ಹಳದಿ ಬಣ್ಣ.

ಗಡಿ ದಾಟಿದ ಕೂಡಲೇ ಹೊಸ ಸಮಸ್ಯೆ. ಜೆಕ್ ಗಣರಾಜ್ಯ ಯುರೋಪಿಯನ್ ಯೂನಿಯನ್ನಿನಲ್ಲಿದೆ, ಷೆಂಗೆನ್ ವಲಯದಲ್ಲಿದೆ, ಆದರೆ ದುಡ್ಡು ಮಾತ್ರ ತನ್ನದೇ: ಕೊರುನಾ. ಹೆಚ್ಚುಕಡಿಮೆ ಇಪ್ಪತ್ತೈದು ಕೊರುನಾಕ್ಕೆ ಒಂದು ಯೂರೊ. ಬೇರೆ ದೇಶದವರು ಕೊರುನಾವನ್ನು ಯೂರೊ ಮಾಡಿಕೊಂಡು ಸುಮ್ಮನಾಗುತ್ತಾರೆ. ನಮ್ಮವರು ಕೊರುನಾವನ್ನು ಯೂರೊ ಮಾಡಿ, ಯೂರೊವನ್ನು ರೂಪಾಯಿ ಮಾಡಿ, ಆ ರೂಪಾಯಿಗೆ ಊರಲ್ಲಿ ಏನು ಬರುತ್ತಿತ್ತು ಎಂದು ನೋಡಿ, ಆಮೇಲೆ ನಿಟ್ಟುಸಿರು ಬಿಡುತ್ತಾರೆ. ಬಸ್ಸಿಳಿದ ಜಾಗದಲ್ಲಿ ಶೌಚಾಲಯಕ್ಕೆ ಇಪ್ಪತ್ತು ಕೊರುನಾ. ಮಂಡ್ಯದವನು ತಿರುಗುಗೇಟಿನ ಮುಂದೆ ನಿಂತು ಲೆಕ್ಕ ಹಾಕಿದ. "ಎಂಬತ್ತು ರೂಪಾಯಿ ಕಣಣ್ಣ. ಒಂದು ಮಸಾಲೆ ದೋಸೆ. ಒಳಗೆ ಬರೋದಿಕ್ಕಲ್ಲ, ಹೊರಗೆ ಹೋಗೋದಿಕ್ಕೆ!" ಅವನು ಸಂಜೆಯವರೆಗೂ ತಡೆದುಕೊಂಡ. ಆ ಸಂಯಮದಲ್ಲಿ ಅರ್ಧವನ್ನು ಓದಿಗೆ ತೋರಿಸಿದ್ದರೆ ಗೋಲ್ಡ್ ಮೆಡಲ್ ಅವನದೇ.

ಹಳೆ ಪೇಟೆಯ ಚೌಕದ ಪುರಭವನದ ಗೋಡೆಯ ಮೇಲಿನ ಆ ಖಗೋಳ ಗಡಿಯಾರಕ್ಕೆ 1410ರಿಂದ ನಡೆಯುತ್ತಿರುವ ಇತಿಹಾಸವಿದೆ. ಗಂಟೆ ಹೊಡೆಯುವ ಹತ್ತು ನಿಮಿಷ ಮೊದಲೇ ಅಲ್ಲಿ ಕೈಗಳ ಕಾಡು. ಎಲ್ಲ ಕೈಯಲ್ಲೂ ಫೋನು. ಅಸ್ಥಿಪಂಜರವೊಂದು ಹಗ್ಗ ಜಗ್ಗಿ ಗಂಟೆ ಬಾರಿಸುತ್ತದೆ, ಮೇಲಿನ ಎರಡು ಕಿಟಕಿ ತೆರೆದು ಕ್ರಿಸ್ತನ ಶಿಷ್ಯರ ಬೊಂಬೆಗಳು ಹಣಕಿಹಾಕಿ ಹೋಗುತ್ತವೆ, ಕೊನೆಗೊಂದು ಹುಂಜ ಕೂಗುತ್ತದೆ. ಎಲ್ಲ ಸೇರಿ ಒಂದು ನಿಮಿಷವೂ ಇಲ್ಲ. "ಎಂತ ಮಾರಾಯ, ಇಷ್ಟೇಯಾ?" ಎಂದಳು ಮಂಗಳೂರಿನವಳು. ಜನ ಚದುರಿದರು, ಎಕ್ಸೆಲ್ಲಿನಲ್ಲಿ ಹಸಿರು ಟಿಕ್ ಬಿತ್ತು.

ಗಡಿಯಾರ ನಿಜವಾಗಿ ಮಾಡುವ ಕೆಲಸ ಕೆಳಗಿನ ತಟ್ಟೆಗಳಲ್ಲಿದೆ, ಅದು ಗಂಟೆಗೊಮ್ಮೆ ಅಲ್ಲ, ಯಾವಾಗಲೂ ನಡೆಯುತ್ತಿರುತ್ತದೆ. ಸೂರ್ಯ ಯಾವ ರಾಶಿಯಲ್ಲಿದ್ದಾನೆ, ಚಂದ್ರ ಎಷ್ಟು ತುಂಬಿದ್ದಾನೆ, ಸೂರ್ಯಾಸ್ತದಿಂದ ಎಣಿಸುವ ಹಳೆಯ ಬೊಹೀಮಿಯಾದ ಲೆಕ್ಕದಲ್ಲಿ ಈಗ ಎಷ್ಟು ಗಂಟೆ, ಎಲ್ಲವೂ ಮುಳ್ಳುಗಳಲ್ಲಿದೆ. ಒಂಟಿಕೊಪ್ಪಲ್ ಪಂಚಾಂಗ ಹಿಡಿದು ಬೆಳೆದ ನಮ್ಮ ಅಜ್ಜಿಯಂದಿರಲ್ಲಿ ಯಾರನ್ನಾದರೂ ಅಲ್ಲಿ ನಿಲ್ಲಿಸಿದ್ದರೆ ಹುಂಜದ ಕಡೆ ತಿರುಗಿಯೂ ನೋಡದೆ ತಟ್ಟೆಯನ್ನು ಓದುತ್ತಿದ್ದರು. ಇವರದು ಸಾಯನ, ನಮ್ಮದು ನಿರಯನ, ಇಪ್ಪತ್ತನಾಲ್ಕು ದಿನದ ವ್ಯತ್ಯಾಸವಿದೆ ಎಂದು ತಕರಾರನ್ನೂ ತೆಗೆಯುತ್ತಿದ್ದರು. ಮೆಕಟ್ರಾನಿಕ್ಸ್, ಎಂಬೆಡೆಡ್ ಸಿಸ್ಟಮ್ಸ್, ಆಟೊಮೋಟಿವ್ ಎಂದು ಲಕ್ಷಗಟ್ಟಲೆ ಸಾಲ ಮಾಡಿ ಯಂತ್ರ ಓದಲು ಬಂದವರು, ಆರು ಶತಮಾನ ಹಳೆಯ ಯಂತ್ರದ ಮುಂದೆ ಬೊಂಬೆಯಾಟ ನೋಡಿ ಹೊರಟರು. ಹುಬ್ಬಳ್ಳಿಯವನು ಆಗಲೇ ಚಪ್ಪಾಳೆ ತಟ್ಟುತ್ತಿದ್ದ: "ನಡೀರಿ ನಡೀರಿ, ಹನ್ನೊಂದು ಹತ್ತಕ್ಕ ವಾಕಿಂಗ್ ಟೂರ್ ಐತಿ. ಫ್ರೀ ಐತಲೇ, ಫ್ರೀ!"

ಫ್ರೀ ವಾಕಿಂಗ್ ಟೂರ್ ಎಂಬುದು ಯುರೋಪಿನ ಎಲ್ಲ ದೊಡ್ಡ ಊರುಗಳಲ್ಲೂ ಇದೆ. ಬಣ್ಣದ ಕೊಡೆ ಹಿಡಿದವರೊಬ್ಬರು ಎರಡು-ಎರಡೂವರೆ ಗಂಟೆ ಊರು ಸುತ್ತಿಸಿ ಕಥೆ ಹೇಳುತ್ತಾರೆ. ಕೊನೆಯಲ್ಲಿ ಇಷ್ಟವಾದಷ್ಟು ಟಿಪ್ಸ್ ಕೊಡಬೇಕು. ಅದೇ ಅವರ ಸಂಬಳ. ನಮಗೆ ಸಿಕ್ಕಿದ ಗೈಡಮ್ಮ ಅರವತ್ತು ದಾಟಿದವರು, ಒಳ್ಳೆಯ ಕಥೆಗಾರ್ತಿ. ಸೇತುವೆಯ ಬಳಿ ನಿಂತು ಹೇಳಿದರು: ನಾಲ್ಕನೆಯ ಚಾರ್ಲ್ಸ್ ರಾಜ ಜ್ಯೋತಿಷಿಗಳನ್ನು ಕೇಳಿ 1357ನೆಯ ಇಸವಿ, 9ನೆಯ ತಾರೀಕು, 7ನೆಯ ತಿಂಗಳು, ಬೆಳಗಿನ 5 ಗಂಟೆ 31 ನಿಮಿಷಕ್ಕೆ ಶಂಕುಸ್ಥಾಪನೆ ಮಾಡಿದನಂತೆ. ಸಾಲಾಗಿ ಬರೆದರೆ 1 3 5 7 9 7 5 3 1; ಏರಿ ಇಳಿಯುತ್ತದೆ. ಗಾರೆ ಗಟ್ಟಿಯಾಗಲೆಂದು ಸುತ್ತಲಿನ ಊರುಗಳಿಂದ ಮೊಟ್ಟೆ ತರಿಸಿದಾಗ ವೆಲ್ವರಿ ಎಂಬ ಊರಿನವರು ದಾರಿಯಲ್ಲಿ ಒಡೆಯದಿರಲೆಂದು ಬೇಯಿಸಿ ಕಳಿಸಿದರೆಂಬುದು ಇನ್ನೊಂದು ಕಥೆ. ಎಲ್ಲರೂ ನಕ್ಕರು. ಮೂವತ್ತು ಪ್ರತಿಮೆಗಳ ಸಾಲಿನಲ್ಲಿ, ನದಿಗೆ ಎಸೆದು ಕೊಲ್ಲಲಾದ ಸಂತ ನೆಪೊಮುಕ್‌ನ ಪೀಠದ ಫಲಕವನ್ನು ಮುಟ್ಟಿದರೆ ಅದೃಷ್ಟವಂತೆ. ಮುಟ್ಟಿ ಮುಟ್ಟಿ ಅದು ಚಿನ್ನದ ಹಾಗೆ ಹೊಳೆಯುತ್ತಿತ್ತು. ನಮ್ಮವರು ಕ್ಯೂ ನಿಂತು, ಚಪ್ಪಲಿಯೊಂದನ್ನು ಬಿಡದೆ ಉಳಿದೆಲ್ಲ ಭಕ್ತಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಮಂಡ್ಯದವನು ಏನು ಬೇಡಿಕೊಂಡನೆಂದು ನನಗೆ ಗೊತ್ತು. ವರ್ಕಿಂಗ್ ಸ್ಟೂಡೆಂಟ್ ಕೆಲಸ.

ಆ ಹೊತ್ತಿಗೆ ಗೈಡಮ್ಮನ ದನಿ ಬದಲಾಯಿತು. ಕೊನೆಯ ಕಥೆ ಎಂದರು, ಬಂದದ್ದಕ್ಕೆ ವಂದನೆ ಎಂದರು. ಆಮೇಲೆ ನಡೆದದ್ದನ್ನು ಸೇನೆಯಲ್ಲಿ ತಂತ್ರಬದ್ಧ ಹಿಮ್ಮೆಟ್ಟುವಿಕೆ ಎನ್ನುತ್ತಾರೆ. ಮಂಡ್ಯದವನಿಗೆ ಅಮ್ಮನ ಫೋನ್ ಬಂತು. ಫೋನು ಕಿವಿಯಲ್ಲಿತ್ತು, ಸ್ಕ್ರೀನು ಕಪ್ಪಾಗಿತ್ತು. ದಾವಣಗೆರೆಯವನು ಸೇತುವೆಯ ಗೋಪುರಕ್ಕೆ ಹೊಸ ಆ್ಯಂಗಲ್ ಹುಡುಕುತ್ತ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕುತ್ತ ಜನರಲ್ಲಿ ಕರಗಿದ. ಹುಬ್ಬಳ್ಳಿಯವನ ಶೂ ಲೇಸು ಬಿಚ್ಚಿತು, ಅದನ್ನು ಕಟ್ಟಲು ಇಪ್ಪತ್ತು ಅಡಿ ಆಚೆ ಹೋದ. ಜಯನಗರದ ಹುಡುಗಿ "ಐ ಫೀಲ್ ಸೋ ಬ್ಯಾಡ್" ಎನ್ನುತ್ತಲೇ ಹೋದಳು. ಗೈಡಮ್ಮ ಯಾರನ್ನೂ ನೋಡಲಿಲ್ಲ. ಕೊಡೆ ಮಡಿಸುವುದರಲ್ಲಿ ಬಹಳ ಹೊತ್ತು ಕಳೆದರು, ಇದನ್ನೆಲ್ಲ ದಿನಕ್ಕೆರಡು ಸಲ ಕಂಡವರ ಹಾಗೆ. ಮಂಗಳೂರಿನವಳು ಪರ್ಸಿನಿಂದ ಮುನ್ನೂರು ಕೊರುನಾ ತೆಗೆದು ಅವರ ಕೈಗಿಟ್ಟಳು. "ನಾವು ಆರು ಜನ" ಎಂದಳು. ಈ ಮುನ್ನೂರನ್ನು ನೆನಪಿಟ್ಟುಕೊಳ್ಳಿ.

ಹೀಗೆ ಬರೆದ ಮಾತ್ರಕ್ಕೆ ಪ್ರಾಗ್ ಏನೋ ಪಾಪದ ಊರು, ನಮ್ಮವರೇ ಖದೀಮರು ಎಂದು ತಿಳಿಯಬೇಡಿ. ಆ ಊರೂ ಕಡಿಮೆಯದಲ್ಲ. ಬೀದಿ ಬೀದಿಯಲ್ಲಿ ಕೆಂಡದ ಮೇಲೆ ಕೋಲಿಗೆ ಸುತ್ತಿ ಸುಟ್ಟ, ಸಕ್ಕರೆ-ದಾಲ್ಚಿನ್ನಿ ಉದುರಿಸಿದ ಟ್ರ್‌ಡೆಲ್ನಿಕ್ ಎಂಬ ಸಿಹಿಯನ್ನು 'ಪುರಾತನ ಬೊಹೀಮಿಯನ್ ತಿಂಡಿ' ಎಂದು ಹಳೆ ಲಿಪಿಯಲ್ಲಿ ಬೋರ್ಡು ಬರೆದು ಮಾರುತ್ತಾರೆ. ಪ್ರಾಗ್‌ನ ಅಜ್ಜಿಯಂದಿರಿಗೆ ಅದರ ಪರಿಚಯವೇ ಇರಲಿಲ್ಲ. ಅದರ ಹೆಸರಿಗೆ ಯುರೋಪಿಯನ್ ಯೂನಿಯನ್ನಿನ ಮಾನ್ಯತೆ ಪಡೆದದ್ದು ಸ್ಲೊವಾಕಿಯಾದ ಸ್ಕಾಲಿತ್ಸ ಎಂಬ ಊರು, 2007ರಲ್ಲಿ. ಟ್ರಾನ್ಸಿಲ್ವೇನಿಯಾದ ಹಂಗೇರಿಯನ್ನರಿಗೆ ಇದರದೇ ದಾಯಾದಿಯೊಂದಿದೆ. ಪ್ರಾಗ್‌ಗೆ ಇದು ಪ್ರವಾಸಿಗರ ಬೆನ್ನು ಹತ್ತಿ ಮೊನ್ನೆ ಮೊನ್ನೆ ಬಂದದ್ದು. ಅಂಬಾವಿಲಾಸ ಅರಮನೆಯ ಎದುರು 'ಒಡೆಯರ ಕಾಲದ ಪಾರಂಪರಿಕ ಗೋಬಿ ಮಂಚೂರಿ' ಎಂದು ಬೋರ್ಡು ಹಾಕಿದ ಹಾಗೆ. ಈಗ ಅದರ ಹೊಟ್ಟೆಗೆ ಐಸ್‌ಕ್ರೀಮನ್ನೂ ತುಂಬುತ್ತಾರೆ. ಆ ಪುರಾತನ ಐಸ್‌ಕ್ರೀಮು ಆರು ಜನರಿಗೆ ಒಂದು ಬಂತು. ಅದನ್ನು ಕೋಟೆಯ ಹಿನ್ನೆಲೆಯಲ್ಲಿ ಹಿಡಿದು ಒಬ್ಬೊಬ್ಬರೂ ಫೋಟೊ ತೆಗೆಸಿಕೊಳ್ಳುವ ಹೊತ್ತಿಗೆ ಕರಗಿ ಮೊಣಕೈಗೆ ಇಳಿದಿತ್ತು. ಊಟಕ್ಕೆ ಬೇರೆ ವ್ಯವಸ್ಥೆಯಿತ್ತು. ನದಿಯ ದಂಡೆಯ ಬೆಂಚಿನ ಮೇಲೆ ಸ್ಟೀಲ್ ಡಬ್ಬಿ ತೆರೆದು, ಬೆಳಗಿನ ನಾಲ್ಕಕ್ಕೆ ಕಲಸಿದ ಪುಳಿಯೋಗರೆ. ಇತಿಹಾಸದ ದೃಷ್ಟಿಯಿಂದ ಆ ಬೀದಿಯಲ್ಲಿ ನಿಜವಾಗಿ ಪುರಾತನವಾದ ತಿಂಡಿ ಅದೊಂದೇ.

ಲೇಖಕ ಕಾಫ್ಕಾನ ತಲೆ ಪೋರ್ಷನ್ನಿನಲ್ಲಿ ಎರಡು ಅಂಕದ್ದು. ಡೇವಿಡ್ ಚೆರ್ನಿ ಎಂಬ ಶಿಲ್ಪಿ 2014ರಲ್ಲಿ ಮಾಲೊಂದರ ಪಕ್ಕ ನಿಲ್ಲಿಸಿದ ಹೊಳೆಯುವ ಉಕ್ಕಿನ ತಲೆ. ನಲವತ್ತೆರಡು ಅಡ್ಡಪದರಗಳು ಬೇರೆ ಬೇರೆಯಾಗಿ ತಿರುಗಿ, ಮುಖ ಚೂರಾಗಿ, ಮತ್ತೆ ಕೂಡಿಕೊಳ್ಳುತ್ತದೆ. ನೋಡಬೇಕಾದ ವಸ್ತುವೇ. ಹುಬ್ಬಳ್ಳಿಯವನು ಫಲಕ ಓದಿ ನಿಜವಾಗಿಯೂ ಬೆರಗಾದ: "ಏನ್ ಮಂದಿಲೇ ಇವರು, ಸಾಫ್ಟ್‌ವೇರಿಗೂ ಮೂರ್ತಿ ಮಾಡ್ಯಾರ!" ಅವನಿಗೆ ಗೊತ್ತಿದ್ದ ಕಾಫ್ಕಾ ಒಂದೇ, ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಸಂದೇಶ ಸಾಗಿಸುವ ಅಪಾಚೆ ಕಾಫ್ಕಾ, ಆ ಸಾಫ್ಟ್‌ವೇರಿಗೆ ಹೆಸರು ಬಂದದ್ದು ಈ ಲೇಖಕನಿಂದ ಎಂಬುದನ್ನು ಯಾವ ಇಂಟರ್‌ವ್ಯೂದಲ್ಲೂ ಕೇಳುವುದಿಲ್ಲ. 1883ರಲ್ಲಿ ಇದೇ ಊರಿನಲ್ಲಿ ಹುಟ್ಟಿ, ಕಾರ್ಮಿಕರ ಅಪಘಾತ ವಿಮಾ ಕಚೇರಿಯಲ್ಲಿ ಹಗಲು ಕಡತ ನೋಡಿ, ರಾತ್ರಿ ಬರೆಯುತ್ತಿದ್ದವನ ಬಗ್ಗೆ ನಾನು ಎರಡು ಮಾತು ಹೇಳಹೊರಟೆ. ತನ್ನ ತಪ್ಪೇನೆಂದು ತಿಳಿಯದ ಮನುಷ್ಯ, ಮುಗಿಯದ ಕಚೇರಿ, ತೆರೆಯದ ಬಾಗಿಲು... "ಗೊತ್ತಾಯ್ತು ಬಿಡಣ್ಣ" ಎಂದ ಮಂಡ್ಯದವನು, "ವೀಸಾ ಎಕ್ಸ್‌ಟೆನ್ಷನ್ನು." ಅವನು ಅರ್ಜಿ ಹಾಕಿ ಎರಡು ಋತು ಉರುಳಿದ್ದವು. ಸಾಹಿತ್ಯ ವಿಮರ್ಶೆ ಅಲ್ಲಿಗೆ ಮುಗಿಯಿತು. ನಾನು ಓದಿದ ಎಷ್ಟೋ ಪ್ರಬಂಧಗಳಿಗಿಂತ ಅದೇ ವಾಸಿ.

ರಾತ್ರಿಯ ಅಧ್ಯಾಯ ಚಿಕ್ಕದು. ಬಾಟಲಿ ನೀರಿಗಿಂತ ಬಿಯರ್ ಅಗ್ಗವೆಂದು ಪ್ರಾಗ್‌ಗೆ ಖ್ಯಾತಿ. ಅದಕ್ಕೇ ಬ್ರಿಟನ್ನಿನ ಗಂಡಸರು ಮದುವೆಗೆ ಮುಂಚಿನ ಪಾರ್ಟಿಗೆಂದು ವಿಮಾನ ಹತ್ತಿ ಬಂದು ಬೀದಿಯಲ್ಲಿ ಕಿರುಚಾಡುತ್ತಿದ್ದರು. ಬೇಸತ್ತ ನಗರಾಡಳಿತ 2024ರಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಗೈಡ್ ಹಿಡಿದು ಬಾರಿನಿಂದ ಬಾರಿಗೆ ಹೋಗುವ ಮೆರವಣಿಗೆಗಳನ್ನು ನಿಷೇಧಿಸಿತು. ಊರಿಗೆ ಬೇಕಾಗಿರುವುದು ಸಭ್ಯರೂ ದುಡ್ಡುಳ್ಳವರೂ ಆದ ಪ್ರವಾಸಿಗರು. ನಮ್ಮವರಲ್ಲಿ ಮೊದಲನೆಯ ಗುಣ ಧಾರಾಳವಾಗಿತ್ತು. ಎರಡು ಗ್ಲಾಸ್ ಬಿಯರನ್ನು ಮೂವರು ಹಂಚಿಕೊಂಡು, 'ಪ್ರಾಗ್ ನೈಟ್ಸ್' ಎಂದು ಸ್ಟೋರಿ ಹಾಕಿ, ಹತ್ತೂವರೆಗೆ ಮಲಗಿದರು. ಅದಕ್ಕೂ ಮೊದಲು ದಾವಣಗೆರೆಯವನು ಮನೆಗೆ ವಿಡಿಯೊ ಕಾಲ್ ಮಾಡಿದ್ದ. ಅಲ್ಲಿ ಮಧ್ಯರಾತ್ರಿ ದಾಟಿತ್ತು. ಅಪ್ಪ ಎದ್ದು ಕೂತಿದ್ದರು. "ಏನಪ್ಪ, ಹಿಂದೆ ಕಾಣ್ತಿರೋದು ಕಾಲೇಜಾ?" ಎಂದರು. "ಇಲ್ಲಪ್ಪ, ಕೋಟೆ." ಒಂದು ಕ್ಷಣ ಬಿಟ್ಟು ಅಪ್ಪ ಕೇಳಿದರು: "ಟಿಕೆಟ್ ಎಷ್ಟು?" ಈ ಹುಡುಗರಿಗೆ ಎಕ್ಸೆಲ್ ಕಲಿಸಿದವರು ಯಾರೆಂದು ನನಗೆ ಆಗ ತಿಳಿಯಿತು.

ಆದರೆ ರೀಲ್ಸ್‌ನಲ್ಲಿ ಇದ್ಯಾವುದೂ ಬರುವುದಿಲ್ಲ. ಭಾನುವಾರ ಸಂಜೆ ಬಸ್ಸಿನಲ್ಲಿ ದಾವಣಗೆರೆಯವನು ಕತ್ತರಿಸಿ ಜೋಡಿಸಿದ ಮೂವತ್ತು ಸೆಕೆಂಡಿನಲ್ಲಿ ಪುಳಿಯೋಗರೆ ಇಲ್ಲ, ತಿರುಗುಗೇಟಿಲ್ಲ, ಗೈಡಮ್ಮನೂ ಇಲ್ಲ. ನದಿ, ಹಂಸ, ಗೋಪುರ, ಗಾಳಿಗೆ ಹಾರುವ ಓವರ್‌ಕೋಟು. ಆ ಓವರ್‌ಕೋಟು ಒಂದೇ ಇದ್ದದ್ದು. ಐವರೂ ಸರದಿಯ ಮೇಲೆ ತೊಟ್ಟಿದ್ದರು. ಇದನ್ನು ನೋಡಿದ ದಾವಣಗೆರೆಯ ಇನ್ನೊಬ್ಬ ಹುಡುಗ ಅಪ್ಪನ ಮುಂದೆ ಫೋನಿಟ್ಟು 'ನಾನೂ ಜರ್ಮನಿಗೆ ಹೋಗ್ತೀನಿ' ಎನ್ನುತ್ತಾನೆ. ಕನ್ಸಲ್ಟೆನ್ಸಿಯವರು ಬಿಡಿಗಾಸು ಖರ್ಚು ಮಾಡದೆ ಪ್ರಚಾರ ಪಡೆಯುತ್ತಾರೆ.

ಮರಳುವಾಗ ಗಡಿಯಲ್ಲಿ ಬಸ್ಸು ನಿಂತಿತು. ಯುರೋಪಿನ ಒಳಗಡಿಗಳನ್ನು ಅಳಿಸುವ ಒಪ್ಪಂದಕ್ಕೆ 1985ರಲ್ಲಿ ಲಕ್ಸೆಂಬರ್ಗಿನ ಷೆಂಗೆನ್ ಎಂಬ ಹಳ್ಳಿಯಲ್ಲಿ, ಮೊಸೆಲ್ ನದಿಯಲ್ಲಿ ಲಂಗರು ಹಾಕಿದ್ದ ಹಡಗಿನ ಮೇಲೆ ಸಹಿ ಹಾಕಿದ್ದರು. ನೀರ ಮೇಲೆ ಬರೆದದ್ದು ಎಷ್ಟು ದಿನ ನಿಲ್ಲುತ್ತದೆ? 2024ರ ಸೆಪ್ಟೆಂಬರಿನಲ್ಲಿ ಜರ್ಮನಿ ತಪಾಸಣೆಯನ್ನು ತನ್ನ ಎಲ್ಲ ಭೂಗಡಿಗಳಿಗೂ ವಿಸ್ತರಿಸಿತು, 'ತಾತ್ಕಾಲಿಕ' ಎಂದು. ತಾತ್ಕಾಲಿಕದ ಆಯುಷ್ಯ ಎಷ್ಟೆಂದು ನಮ್ಮ ಸರ್ಕಾರಿ ಕಚೇರಿಗಳನ್ನು ಕಂಡವರಿಗೆ ಹೇಳಬೇಕಿಲ್ಲ. ಸಮವಸ್ತ್ರದವರಿಬ್ಬರು ಹತ್ತಿದರು. ಇಡೀ ಬಸ್ಸಿನಲ್ಲಿ ಯಾರ ಕಾರ್ಡನ್ನು ಎರಡೆರಡು ಸಲ ತಿರುಗಿಸಿ ನೋಡಿದರೆಂಬುದನ್ನೂ ಹೇಳಬೇಕಿಲ್ಲ. ನಮ್ಮ ಜಯನಗರದ ಹುಡುಗಿ ಪಾಸ್‌ಪೋರ್ಟ್, ರೆಸಿಡೆನ್ಸ್ ಪರ್ಮಿಟ್, ಯೂನಿವರ್ಸಿಟಿ ಕಾರ್ಡು, ಪ್ರತಿಯೊಂದರ ಮೂರು ಮೂರು ಝೆರಾಕ್ಸ್ ಇರುವ ಫೈಲನ್ನು ಮಡಿಲಿಗೆ ತೆಗೆದಳು. ಒಂದು ಪ್ರತಿಯ ಮೇಲೆ ಗೆಜೆಟೆಡ್ ಅಧಿಕಾರಿಯ ಸಹಿ, ಮೊಹರು ಕೂಡ ಇತ್ತು. ಪೊಲೀಸಪ್ಪ ಆ ನೇರಳೆ ಮೊಹರನ್ನು ಸ್ವಲ್ಪ ಹೊತ್ತು ನೋಡಿ, ಅರ್ಥವಾಗದ ಭಯಕ್ಕೋ ಏನೋ, ಮರ್ಯಾದೆಯಿಂದ ಹಿಂದಿರುಗಿಸಿದ.

ಕೆಮ್ನಿಟ್ಸ್‌ನ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ನಡೆದರೆ ಕಾರ್ಲ್ ಮಾರ್ಕ್ಸ್‌ನ ತಲೆ. ಬರೀ ತಲೆ, ಏಳು ಮೀಟರಿಗಿಂತ ಎತ್ತರ, ಕಂಚಿನದು. ಲೆವ್ ಕೆರ್ಬೆಲ್ ಎಂಬ ಸೋವಿಯತ್ ಶಿಲ್ಪಿ ಮಾಡಿದ್ದು, 1971ರಲ್ಲಿ ನಿಲ್ಲಿಸಿದ್ದು. 1953ರಿಂದ 1990ರವರೆಗೆ ಈ ಊರಿನ ಹೆಸರೇ ಕಾರ್ಲ್ ಮಾರ್ಕ್ಸ್ ಸ್ಟಾಟ್. ಆ ಮಹಾನುಭಾವನಿಗೂ ಊರಿಗೂ ಯಾವ ನಂಟೂ ಇಲ್ಲದಿದ್ದರೂ. ಹಿಂದಿನ ಗೋಡೆಯ ಮೇಲೆ ಜಗತ್ತಿನ ದುಡಿಯುವವರೆಲ್ಲ ಒಂದಾಗಬೇಕೆಂಬ ಕರೆ ನಾಲ್ಕು ಭಾಷೆಗಳಲ್ಲಿದೆ. ಅದರ ಕೆಳಗೆ, ಭಾನುವಾರ ರಾತ್ರಿ ಹನ್ನೊಂದಕ್ಕೆ, ನಮ್ಮ ಐವರು ಖರ್ಚು ಹಂಚುವ ಸ್ಪ್ಲಿಟ್‌ವೈಸ್ ಆ್ಯಪ್ ತೆರೆದು ಒಡೆದು ಹೋದರು.

ಐಸ್‌ಕ್ರೀಮನ್ನು ಜಯನಗರದವಳು ಒಂದು ಬಾಯಿ ಮಾತ್ರ ತಿಂದದ್ದು. ಶೌಚಾಲಯವನ್ನು ಸಮನಾಗಿ ಹಂಚಿದ್ದಕ್ಕೆ ಮಂಡ್ಯದವನ ತಕರಾರು: "ನಾನು ಹೋಗೇ ಇಲ್ಲ ಕಣ್ಲಾ, ಸಂಜೆಗಂಟ ತಡ್ಕಂಡಿದ್ದೆ, ನಾನ್ಯಾಕೆ ಕೊಡ್ಲಿ?" ನ್ಯಾಯವಾದ ಮಾತು, ಅವನ ಹೆಸರು ತೆಗೆದರು. ಆಗ ಎಲ್ಲರ ಫೋನೂ ಒಟ್ಟಿಗೆ ಮಿಡಿಯಿತು. ಮಂಗಳೂರಿನವಳು ಹೊಸ ಬಾಬತ್ತು ಸೇರಿಸಿದ್ದಳು: 'ಗೈಡ್, 300 ಕೊರುನಾ, ಆರು ಜನ.' ತಲೆಗೆ ಎರಡು ಯೂರೊ.

ನಾನು ಕೊಟ್ಟುಬಿಟ್ಟೆ. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಹೊತ್ತಿಗೆ ತಾವು ಅಲ್ಲಿರಲೇ ಇಲ್ಲ ಎಂದರು, ಟೂರ್ ಫ್ರೀ ಎಂದೇ ಬರೆದಿತ್ತು ಎಂದರು, ಕೇಳದೆ ಕೊಟ್ಟದ್ದು ನಿನ್ನ ತಪ್ಪು ಎಂದರು. ಗುಂಪನ್ನು ತಣ್ಣಗಾಗಿಸಲು ನಾನು ಮೇಲಿದ್ದ ತಲೆಯನ್ನು ತೋರಿಸಿ ಒಂದು ಸಂಗತಿ ಹೇಳಿದೆ. ಬಂಡವಾಳದ ಬಗ್ಗೆ ಅಷ್ಟು ದಪ್ಪ ಪುಸ್ತಕ ಬರೆದ ಈತನ ಕೈಯಲ್ಲಿ ಬಂಡವಾಳವೇ ಇರಲಿಲ್ಲ. ವರ್ಷಗಟ್ಟಲೆ ಮನೆ ನಡೆದದ್ದು ಗೆಳೆಯ ಏಂಗೆಲ್ಸ್ ಕಳಿಸುತ್ತಿದ್ದ ದುಡ್ಡಿನಲ್ಲಿ. ಹುಬ್ಬಳ್ಳಿಯವನಿಗೆ ಆನೆ ಬಲ ಬಂತು.

"ಕೇಳಿದಿಲ್ಲ? ಏಂಗೆಲ್ಸ್ ಎಂದಾರ ಸ್ಪ್ಲಿಟ್‌ವೈಸ್ ಹಾಕಿದ್ನೇನು? ಗೆಳೆತನ ಅಂದ್ರ ಅದು ನೋಡು!"

ಮಂಗಳೂರಿನವಳು ಫೋನಿನಿಂದ ತಲೆ ಎತ್ತಲಿಲ್ಲ. "ಏಂಗೆಲ್ಸನ ಮನೆಯವರದ್ದು ಮ್ಯಾಂಚೆಸ್ಟರಿನಲ್ಲಿ ಹತ್ತಿ ಮಿಲ್ಲಿತ್ತು ಮಾರಾಯ. ನಂಗೆ ನಾಳೆ ಬೆಳಿಗ್ಗೆ ಐದಕ್ಕೆ ಗೋಡೌನಿನಲ್ಲಿ ಶಿಫ್ಟ್ ಉಂಟು. ಎರಡು ಯೂರೊ ತೆಗಿ."